ಸಿಂಥೆಟಿಕ್ ಎಂಜಿನ್ ಆಯಿಲ್: ಸೀಲ್ ಒಡೆಯುವ ಮೊದಲು, ಒಡೆದ ಮೇಲೆ

ಸಣ್ಣ ಪೆಟ್ರೋಲ್ ಕಾರುಗಳ ಎಂಜಿನ್ನಿಗೆ ಫಿಲ್ಟರ್ ಸೇರಿ ಸುಮಾರು 3ರಿಂದ 3.5 ಲೀಟರ್ ಆಯಿಲ್ ಹಿಡಿಯುತ್ತದೆ. ಅಂಗಡಿಯಲ್ಲಿ ಸಿಗುವುದು 1, 3, 3.5, 4, 5 ಲೀಟರಿನ ಕ್ಯಾನ್. ಎರಡರ ಲೆಕ್ಕ ಸರಿಹೊಂದುವುದು ಅಪರೂಪ. ಹಾಗಾಗಿ ಪ್ರತಿ ಸರ್ವಿಸ್ ಆದಮೇಲೂ ಕಾಲು ಲೀಟರೋ ಅರ್ಧ ಲೀಟರೋ ಉಳಿದು, ಡಿಕ್ಕಿಯ ಮೂಲೆಗೋ ಮೆಟ್ಟಿಲ ಕೆಳಗಿನ ಸಂದಿಗೋ ತಗಡಿನ ಶೆಡ್ಡಿಗೋ ಸೇರುತ್ತದೆ. ಮೂರು ಮಳೆಗಾಲ ಕಂಡ ಅಂಥ ಆಯಿಲನ್ನು ಕಣ್ಣುಮುಚ್ಚಿ ಎಂಜಿನ್ನಿಗೆ ಸುರಿಯುವವರಿದ್ದಾರೆ. ಸೀಲೇ ಒಡೆಯದ ಒಳ್ಳೆಯ ಕ್ಯಾನನ್ನು ಹಳೆಯದಾಯಿತೆಂದು ಗುಜರಿಗೆ ಹಾಕುವವರೂ ಇದ್ದಾರೆ. ಎರಡೂ ತಪ್ಪು. ಸೀಲ್ ಇರುವವರೆಗೆ ಸಿಂಥೆಟಿಕ್ ಆಯಿಲ್ ವರ್ಷಗಟ್ಟಲೆ ಕೆಡುವುದಿಲ್ಲ; ಸೀಲ್ ಒಡೆದ ದಿನದಿಂದ ನೀರು ಮತ್ತು ಧೂಳಿನಿಂದ ಅದನ್ನು ಕಾಯಬೇಕು. ಯಾವ ಗಾಡಿಗೆ ಯಾವ ಆಯಿಲ್ ಎಂಬುದು ಗೊತ್ತಿಲ್ಲದಿದ್ದರೆ, ಎಷ್ಟು ಜೋಪಾನವಾಗಿ ಇಟ್ಟರೂ ಉಪಯೋಗವಿಲ್ಲ. ಆದ್ದರಿಂದ ಕೊಳ್ಳುವಲ್ಲಿಂದಲೇ ಶುರು ಮಾಡೋಣ.

ಎಷ್ಟು ಕೊಳ್ಳಬೇಕು

ಮ್ಯಾನ್ಯುಯಲ್‌ನ ಕೊನೆಯ ಪುಟಗಳಲ್ಲಿ ಆಯಿಲ್ ಅಳತೆ ಇರುತ್ತದೆ. ಕೆಲವದರಲ್ಲಿ ಫಿಲ್ಟರ್ ಬದಲಿಸಿದರೆ ಇಷ್ಟು, ಬದಲಿಸದಿದ್ದರೆ ಇಷ್ಟು ಎಂದು ಎರಡು ಅಂಕಿ ಕೊಟ್ಟಿರುತ್ತಾರೆ. ಫಿಲ್ಟರ್ ಬದಲಿಸಿದ ಅಂಕಿಯನ್ನೇ ಹಿಡಿಯಿರಿ. ಇನ್ನೊಂದು ಸಂಗತಿ ನೆನಪಿರಲಿ: ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್‌ನ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ನಡುವಿನ ಅಂತರ ಹೆಚ್ಚಿನ ಕಾರುಗಳಲ್ಲಿ ಮುಕ್ಕಾಲರಿಂದ ಒಂದು ಲೀಟರ್. ಮ್ಯಾನ್ಯುಯಲ್ 3.1 ಲೀಟರ್ ಎಂದಿದ್ದರೆ 3 ಲೀಟರಿನ ಒಂದೇ ಕ್ಯಾನ್ ಪೂರ್ತಿ ಹಾಕಿ. ಮಟ್ಟ ಮೇಲಿನ ಗುರುತಿಗಿಂತ ಕೂದಲೆಳೆಯಷ್ಟು ಕೆಳಗೆ ನಿಲ್ಲುತ್ತದೆ, ಅದರಿಂದ ಎಂಜಿನ್ನಿಗೆ ಏನೂ ಆಗದು, ಉಳಿಸಿಕೊಂಡು ಕಾಯುವ ತಲೆನೋವೂ ಇಲ್ಲ. 100 ಮಿ.ಲೀ.ಗಾಗಿ ಇನ್ನೊಂದು ಲೀಟರಿನ ಸೀಲ್ ಒಡೆದು 900 ಮಿ.ಲೀ. ಉಳಿಸಿಕೊಳ್ಳುವುದು ಎಲ್ಲಕ್ಕಿಂತ ಕೆಟ್ಟ ದಾರಿ. 3.3 ಬೇಕಿದ್ದರೆ 3.5ರ ಕ್ಯಾನ್ ತನ್ನಿ; ಉಳಿಯುವ 200 ಮಿ.ಲೀ. ವರ್ಷದೊಳಗೆ ಟಾಪ್‌ಅಪ್‌ಗೆ ಖರ್ಚಾಗುತ್ತದೆ. ಆಫರ್ ಇದೆಯೆಂದು ಮೂರು ವರ್ಷಕ್ಕಾಗುವಷ್ಟು ಆಯಿಲ್ ತಂದು ಪೇರಿಸಿಡುವುದು ಬೇಡ. ಆಯಿಲ್ ಕೆಡದಿದ್ದರೂ ಅಷ್ಟರಲ್ಲಿ ಕಾರು ಮಾರಿರಬಹುದು.

ಯಾವುದನ್ನು ಕೊಳ್ಳಬೇಕು

ಕ್ಯಾನಿನ ಮೇಲೆ ದೊಡ್ಡ ಅಕ್ಷರದಲ್ಲಿರುವ ‘ಫುಲ್ಲಿ ಸಿಂಥೆಟಿಕ್’ ನೋಡಿ ಕೊಳ್ಳಬೇಡಿ. ಕಚ್ಚಾತೈಲವನ್ನೇ ಹೈಡ್ರೋಜನ್ ಜೊತೆ ಬಹಳ ಒತ್ತಡದಲ್ಲಿ ಸಂಸ್ಕರಿಸಿ ತೆಗೆದ ಗ್ರೂಪ್ 3 ಎಣ್ಣೆಯೂ, ರಾಸಾಯನಿಕವಾಗಿ ಕಟ್ಟಿ ತೆಗೆದ ಗ್ರೂಪ್ 4 ಪಿಎಒ ಎಣ್ಣೆಯೂ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಈ ಬಗ್ಗೆ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಎದ್ದ ಜಾಹೀರಾತು ತಕರಾರು 1999ರಲ್ಲಿ ಕ್ಯಾಸ್ಟ್ರಾಲ್ ಪರವಾಗಿ ಮುಗಿದ ಮೇಲೆ ಗ್ರೂಪ್ 3ನ್ನೂ ಸಿಂಥೆಟಿಕ್ ಎನ್ನುವುದು ಅಲ್ಲಿ ರೂಢಿಯಾಯಿತು. ಗ್ರೂಪ್ 3 ಕೀಳು ಎಂದು ಇದರ ಅರ್ಥವಲ್ಲ; ಇವತ್ತಿನ ಬಹುಪಾಲು ಒಳ್ಳೆಯ ಆಯಿಲ್‌ಗಳು ಅದರಿಂದಲೇ ಆಗಿವೆ. ನೀವು ನೋಡಬೇಕಾದದ್ದು ಕ್ಯಾನಿನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುವ ಎರಡು ಸಂಗತಿ: ಗ್ರೇಡ್ ಮತ್ತು ಮಾನದಂಡ.

ಗ್ರೇಡ್ ಎಂದರೆ 0ಡಬ್ಲ್ಯೂ-20, 5ಡಬ್ಲ್ಯೂ-30, 5ಡಬ್ಲ್ಯೂ-40 ಇತ್ಯಾದಿ. ಡಬ್ಲ್ಯೂ ಹಿಂದಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನೂ, ಮುಂದಿನ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಎಷ್ಟು ಮಂದ ಎಂಬುದನ್ನೂ ಹೇಳುತ್ತದೆ. ‘ಕಲಬುರಗಿ, ರಾಯಚೂರಿನ ಬಿಸಿಲಿಗೆ 0ಡಬ್ಲ್ಯೂ-20 ನೀರಾಗಿಬಿಡುತ್ತದೆ, 20ಡಬ್ಲ್ಯೂ-50 ಹಾಕಿ’ ಎನ್ನುವವರು ಈಗಲೂ ಸಿಗುತ್ತಾರೆ. ಹೊರಗೆ 25 ಡಿಗ್ರಿ ಇರಲಿ, 43 ಡಿಗ್ರಿ ಇರಲಿ, ಎಂಜಿನ್ನಿನ ಬಿಸಿಯನ್ನು ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಹಿಡಿತದಲ್ಲಿಡುತ್ತವೆ. ಓಡುವಾಗ ಆಯಿಲ್ 100 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. 40 ಡಿಗ್ರಿಯ ಮಧ್ಯಾಹ್ನ ಗಾಡಿ ಸ್ಟಾರ್ಟ್ ಮಾಡಿದರೂ ಆ ಕ್ಷಣಕ್ಕೆ 5ಡಬ್ಲ್ಯೂ-30 ಆಯಿಲ್ ತಾನು ಕೆಲಸ ಮಾಡಬೇಕಾದ ಮಂದಕ್ಕಿಂತ ಐದಾರು ಪಟ್ಟು ಮಂದವಾಗಿರುತ್ತದೆ. ಅದಕ್ಕಿಂತ ದಪ್ಪನೆಯದನ್ನು ಹಾಕಿದರೆ, ಸ್ಟಾರ್ಟ್ ಆದ ಮೊದಲ ಸೆಕೆಂಡುಗಳಲ್ಲಿ ಕ್ಯಾಮ್‌ಶಾಫ್ಟ್‌ಗೆ, ಟರ್ಬೋಗೆ ಆಯಿಲ್ ತಲುಪುವುದು ತಡವಾಗುತ್ತದೆ. ವಾಲ್ವ್ ಟೈಮಿಂಗ್ ಬದಲಿಸುವ ಸಾಧನವೂ ಆಯಿಲ್ ಒತ್ತಡದಿಂದಲೇ ನಡೆಯುವುದರಿಂದ ಅದೂ ತಡವರಿಸುತ್ತದೆ, ಮೈಲೇಜೂ ಇಳಿಯುತ್ತದೆ. ಈಚಿನ ಕೆಲವು ಮಾರುತಿ, ಟೊಯೊಟಾ ಪೆಟ್ರೋಲ್ ಎಂಜಿನ್‌ಗಳಿಗೆ ಕಂಪನಿಯೇ 0ಡಬ್ಲ್ಯೂ-16 ಹೇಳುತ್ತದೆ. ಆ ಎಂಜಿನ್ನಿನ ಬೇರಿಂಗ್ ಸಂದಿ, ಪಂಪು ಎಲ್ಲವೂ ಅದಕ್ಕೆ ಹೊಂದಿಸಿದವು. ಲಕ್ಷಾಂತರ ಕಿಲೋಮೀಟರ್ ಓಡಿ ಆಯಿಲ್ ಕುಡಿಯುವ ಎಂಜಿನ್ನಿಗೆ ಒಂದು ಗ್ರೇಡ್ ಮೇಲೆ ಹೋಗಬಹುದೇ ಎಂಬ ಪ್ರಶ್ನೆಗೆ ಉತ್ತರವನ್ನೂ ಮ್ಯಾನ್ಯುಯಲ್‌ನಲ್ಲೇ ಹುಡುಕಿ. ಹಲವು ಮ್ಯಾನ್ಯುಯಲ್‌ಗಳು ಎರಡು ಮೂರು ಗ್ರೇಡುಗಳಿಗೆ ಅನುಮತಿ ಕೊಟ್ಟಿರುತ್ತವೆ.

ಮಾನದಂಡ ಇನ್ನೂ ಮುಖ್ಯ. ಪೆಟ್ರೋಲ್ ಕಾರುಗಳಿಗೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐ ಕೊಡುವ ಎಸ್‌ಎನ್ ಮಾನದಂಡ 2010ರಲ್ಲಿ ಬಂದದ್ದು, ಎಸ್‌ಪಿ 2020ರಲ್ಲಿ. ಒಂದು ಲೀಟರ್ ಸುತ್ತಮುತ್ತಲಿನ ಎಂಜಿನ್ನಿನ ಡೈರೆಕ್ಟ್ ಇಂಜೆಕ್ಷನ್ ಟರ್ಬೋ ಪೆಟ್ರೋಲ್ ಕಾರಿದ್ದರೆ ಎಸ್‌ಪಿ ಅಥವಾ ಅದಕ್ಕಿಂತ ಹೊಸದೇ ಬೇಕು. ಕಡಿಮೆ ಆರ್‌ಪಿಎಂನಲ್ಲಿ ಜೋರಾಗಿ ಆಕ್ಸಿಲರೇಟರ್ ತುಳಿದಾಗ ಸ್ಪಾರ್ಕಿಗೆ ಮೊದಲೇ ಇಂಧನ ಹತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯ ಈ ಎಂಜಿನ್‌ಗಳಿಗಿದೆ. ಆಯಿಲ್‌ನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಆ ಅಪಾಯವೂ ಹೆಚ್ಚು. ಎಸ್‌ಪಿ ಆಯಿಲ್‌ಗಳು ಅದನ್ನು ತಡೆಯುವ ಪರೀಕ್ಷೆ ಪಾಸಾದವು.

2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಕಾರುಗಳ ವಿಷಯದಲ್ಲಿ ತಪ್ಪಿದರೆ ಜೇಬಿಗೆ ದೊಡ್ಡ ಪೆಟ್ಟು. ಅವುಗಳ ಸೈಲೆನ್ಸರ್ ದಾರಿಯಲ್ಲಿರುವ ಡಿಪಿಎಫ್ ಎಂಬ ಫಿಲ್ಟರ್ ಮಸಿಯನ್ನು ಹಿಡಿದಿಟ್ಟು ಆಗಾಗ ಸುಟ್ಟುಕೊಳ್ಳುತ್ತದೆ. ಆದರೆ ಆಯಿಲ್ ಉರಿದಾಗ ಅದರ ಲೋಹಾಂಶದಿಂದ ಬರುವ ಬೂದಿ ಸುಡುವುದಿಲ್ಲ, ಅಲ್ಲೇ ಕೂತು ಫಿಲ್ಟರನ್ನು ಶಾಶ್ವತವಾಗಿ ಕಟ್ಟುತ್ತದೆ. ಅದಕ್ಕಾಗಿಯೇ ಯುರೋಪಿನ ಕಾರು ತಯಾರಕರ ಸಂಘದ ಎಸಿಇಎ ಸಿ2, ಸಿ3 ಮಾನದಂಡದಂಥ ಕಡಿಮೆ ಬೂದಿಯ ಆಯಿಲ್‌ಗಳಿವೆ. ಅವುಗಳಲ್ಲಿ ಸಲ್ಫೇಟೆಡ್ ಆ್ಯಶ್ ಶೇಕಡಾ 0.8 ದಾಟುವಂತಿಲ್ಲ. ಹಳೆಯ ಡೀಸೆಲ್ ಗಾಡಿಗೆಂದು ತಂದು ಉಳಿಸಿಕೊಂಡ ಆಯಿಲನ್ನು, ಗ್ರೇಡ್ ಒಂದೇ ಇದ್ದರೂ, ಬಿಎಸ್6 ಡೀಸೆಲ್‌ಗೆ ಹಾಕಬೇಡಿ.

ಇವೆರಡರ ಮೇಲೆ ಕಾರು ಕಂಪನಿಯ ಸ್ವಂತ ಸಂಖ್ಯೆಯೂ ಇರಬಹುದು. ಫೋಕ್ಸ್‌ವ್ಯಾಗನ್, ಸ್ಕೋಡಾ ಗಾಡಿಗಳಲ್ಲಿ ವಿಡಬ್ಲ್ಯೂ 502 00, 504 00/507 00, 508 00/509 00 ಎಂದಿರುತ್ತದೆ. ಇಕೋಸ್ಪೋರ್ಟ್‌ನ 1.0 ಇಕೋಬೂಸ್ಟ್ ಎಂಜಿನ್ನಿನ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ಮುಳುಗಿ ತಿರುಗುವಂಥದ್ದು. ಅದಕ್ಕೆ ಫೋರ್ಡ್ ಹೇಳಿದ ಮಾನದಂಡದ 5ಡಬ್ಲ್ಯೂ-20 ಬಿಟ್ಟು ಬೇರೆ ಹಾಕಿದರೆ ಬೆಲ್ಟಿನ ರಬ್ಬರ್ ಸವೆದು ಉದುರಿ, ಆಯಿಲ್ ಪಂಪಿನ ಜಾಲರಿ ಕಟ್ಟಿ, ಎಂಜಿನ್ನೇ ಹೋಗಬಹುದು. ಇಂಥ ಗಾಡಿಗೆ ‘ಹತ್ತಿರದ್ದು ನಡೆಯುತ್ತದೆ’ ಎಂಬ ಮಾತೇ ಇಲ್ಲ.

ಡೂಪ್ಲಿಕೇಟ್ ಮಾಲಿನ ಬಗ್ಗೆಯೂ ಹೇಳಲೇಬೇಕು. ಅಸಲಿ ಖಾಲಿ ಕ್ಯಾನ್‌ಗಳನ್ನೇ ಗುಜರಿಯಿಂದ ತಂದು, ಕೀಳು ಎಣ್ಣೆ ತುಂಬಿ, ಸೀಲ್ ಹಾಕಿ ಮಾರುವುದು ಸಾಮಾನ್ಯ. ಮುಚ್ಚಳದ ಕೆಳಗಿನ ಉಂಗುರ ಮುಚ್ಚಳಕ್ಕೆ ಕಚ್ಚಿಕೊಂಡಿದೆಯೇ, ತಯಾರಾದ ತಿಂಗಳು-ವರ್ಷ ಮತ್ತು ಬ್ಯಾಚ್ ನಂಬರ್ ಉಗುರಿನಿಂದ ಕೆರೆದರೆ ಅಳಿಸುತ್ತದೆಯೇ, ಕಂಪನಿ ಕೋಡ್ ಕೊಟ್ಟಿದ್ದರೆ ಸ್ಕ್ಯಾನ್ ಆಗುತ್ತದೆಯೇ ನೋಡಿ. ಎಂಆರ್‌ಪಿಯ ಅರ್ಧಕ್ಕೇ ಕೊಡುತ್ತೇನೆಂದರೆ ದೂರವಿರಿ. ಪೆಟ್ರೋಲ್ ಬಂಕ್, ಕಂಪನಿಯ ಡೀಲರ್, ಬಿಲ್ ಕೊಡುವ ಸ್ಪೇರ್ಸ್ ಅಂಗಡಿ ಇವೇ ಲೇಸು. ಲೂಸ್ ಆಯಿಲ್ ಬೇಡವೇ ಬೇಡ.

ಸೀಲ್ ಒಡೆಯದ ಕ್ಯಾನ್

ಸೀಲ್ ಇರುವ ಕ್ಯಾನಿಗೆ ತಯಾರಾದ ದಿನದಿಂದ ಮೂರರಿಂದ ಐದು ವರ್ಷ ಎಂದು ಕಂಪನಿಗಳು ಹೇಳುತ್ತವೆ. ಇದು ಸುಮಾರಾಗಿ 0ಯಿಂದ 40 ಡಿಗ್ರಿ ಒಳಗಿನ, ಬಿಸಿಲು ಬೀಳದ, ಒಣ ಜಾಗಕ್ಕೆ ಒಪ್ಪುವ ಮಾತು. ಬಯಲುಸೀಮೆಯ ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ ಮಧ್ಯಾಹ್ನ 50 ಡಿಗ್ರಿ ದಾಟುವುದು ಕಷ್ಟವಲ್ಲ. ಆಯಿಲ್‌ನ ಮೂಲ ಎಣ್ಣೆಯಾದ ಬೇಸ್ ಆಯಿಲ್ ಅದನ್ನು ತಡೆದುಕೊಳ್ಳುತ್ತದೆ. ಆದರೆ ಹಗಲು ಹಿಗ್ಗಿ ರಾತ್ರಿ ಕುಗ್ಗುವುದು ತಿಂಗಳಾನುಗಟ್ಟಲೆ ನಡೆದರೆ ಮುಚ್ಚಳದ ಬಿಗಿ ಸಡಿಲಾಗುತ್ತದೆ. ಮನೆಯೊಳಗಿನ ಅಲಮಾರಿಯ ಕೆಳಖಾನೆ, ಮೆಟ್ಟಿಲ ಕೆಳಗಿನ ಒಣ ಮೂಲೆ, ನೆರಳಿನ ಸ್ಟೋರ್ ರೂಮ್ ಒಳ್ಳೆಯದು. ನೆಲಕ್ಕೆ ತಾಗದಂತೆ ಒಂದು ಹಲಗೆ ಹಾಕಿ, ರಟ್ಟಿನ ಡಬ್ಬದೊಳಗೆ ನೇರವಾಗಿ ನಿಲ್ಲಿಸಿ. ಅಡ್ಡ ಮಲಗಿಸಬೇಡಿ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ಕೋಣೆಗಳಿರುತ್ತವೆ, ಅಲ್ಲಿ ಬೇಡ. ಗ್ಯಾಸ್ ಒಲೆಯ ಬಳಿಯೂ ಬೇಡ. ಹೊಸ ಆಯಿಲ್ 200 ಡಿಗ್ರಿ ದಾಟುವವರೆಗೆ ಸುಲಭಕ್ಕೆ ಹತ್ತಿಕೊಳ್ಳುವುದಿಲ್ಲ, ಆದರೆ ಹತ್ತಿದ ಮೇಲೆ ನೀರು ಹಾಕಿ ಆರಿಸಲೂ ಆಗದು. ಮರಳು ಅಥವಾ ಪೌಡರ್ ಎಕ್ಸ್‌ಟಿಂಗ್ವಿಶರ್ ಬೇಕು.

ಬಹಳ ದಿನ ನಿಂತ ಕ್ಯಾನಿನಲ್ಲಿ ನೊರೆ ತಡೆಯುವ ಅಂಶ ತಳಕ್ಕೆ ಇಳಿದಿರಬಹುದು. ಸೀಲ್ ಒಡೆಯುವ ಮೊದಲು ನಾಲ್ಕೈದು ಸಲ ನಿಧಾನಕ್ಕೆ ತಲೆಕೆಳಗು ಮಾಡಿ, ಗುಳ್ಳೆ ಇಳಿಯಲು ಅರ್ಧ ಗಂಟೆ ಬಿಡಿ. ಐದು ವರ್ಷ ದಾಟಿದ ಕ್ಯಾನ್ ಇದ್ದರೆ, ಅದು ಕೆಟ್ಟಿರದಿದ್ದರೂ ಅದರ ಮಾನದಂಡ ಈಗಿನ ಗಾಡಿಗೆ ಹಿಂದಿನದಾಗಿರುವ ಸಾಧ್ಯತೆಯೇ ಹೆಚ್ಚು. ವಾರಂಟಿಯಲ್ಲಿರುವ ಕಾರಿಗೆ ಹಾಕಬೇಡಿ.

ಗ್ಯಾರೇಜು, ಟ್ಯಾಕ್ಸಿ ನಡೆಸುವವರ ಹತ್ತಿರ 210 ಲೀಟರಿನ ಡ್ರಮ್ ಇರುತ್ತದೆ. ಅದನ್ನು ಹೊರಗೆ ನಿಲ್ಲಿಸಿದರೆ ಮೇಲಿನ ಅಂಚಿನೊಳಗೆ ಮಳೆನೀರು ನಿಲ್ಲುತ್ತದೆ. ಹಗಲು ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗಿ, ರಾತ್ರಿ ತಣಿದಾಗ ಮುಚ್ಚಳದ ತ್ರೆಡ್ ಮೂಲಕ ಆ ನೀರನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಮಾಡು ಇರುವ ಕಡೆ ಅಡ್ಡ ಮಲಗಿಸಿ, ಎರಡೂ ಮುಚ್ಚಳ ಗಡಿಯಾರದ ಮೂರು ಮತ್ತು ಒಂಬತ್ತರ ಜಾಗಕ್ಕೆ ಬರುವಂತೆ ಇಡಿ. ಆಗ ಮುಚ್ಚಳಗಳು ಒಳಗಿನಿಂದ ಆಯಿಲ್‌ನಲ್ಲಿ ಮುಳುಗಿರುತ್ತವೆ, ಗಾಳಿ ಓಡಾಡುವುದಿಲ್ಲ.

ಸೀಲ್ ಒಡೆದ ಮೇಲೆ

ಮುಚ್ಚಳ ತೆಗೆದರೆ ಬಾಯಿಗೆ ಅಂಟಿಸಿದ ಬೆಳ್ಳಿ ಹಾಳೆ ಕಾಣುತ್ತದೆ. ಸ್ಕ್ರೂಡ್ರೈವರ್‌ನಿಂದ ಚುಚ್ಚಿ ತೂತು ಮಾಡಬೇಡಿ. ಚೂರುಗಳು ಒಳಕ್ಕೆ ಬೀಳುತ್ತವೆ, ಉಳಿದ ಹಾಳೆ ಸುರಿಯುವಾಗ ಹರಿದು ಎಂಜಿನ್ನಿಗೇ ಹೋಗಬಹುದು. ಅಂಚಿನಿಂದ ಎತ್ತಿ ಪೂರ್ತಿ ಕಿತ್ತು, ಬಾಯಿಯ ಸುತ್ತ ಒಣ ಬಟ್ಟೆಯಿಂದ ಒರೆಸಿ.

ಉಳಿದ ಆಯಿಲನ್ನು ಅರ್ಧ ಖಾಲಿಯಾದ ದೊಡ್ಡ ಕ್ಯಾನಿನಲ್ಲೇ ಬಿಟ್ಟರೆ ಒಳಗೆ ಗಾಳಿ ಹೆಚ್ಚು, ಗಾಳಿಯ ಜೊತೆ ತೇವವೂ ಹೆಚ್ಚು. ಅದೇ ಆಯಿಲ್ ಇದ್ದ ಒಂದು ಲೀಟರಿನ ಒಣ, ಚೊಕ್ಕ ಕ್ಯಾನ್ ಇದ್ದರೆ ಅದಕ್ಕೆ ಕಂಠದವರೆಗೆ ತುಂಬಿ. ಇಲ್ಲದಿದ್ದರೆ ಅದರಲ್ಲೇ ಇರಲಿ, ಮುಚ್ಚಳ ಬಿಗಿ ಮಾಡಿ, ಅದರ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ನೀರಿನ ಬಾಟಲಿಗೆ ತುಂಬಬೇಡಿ: ಬಂಗಾರದ ಬಣ್ಣದ ಈ ದ್ರವ ಮಕ್ಕಳ ಕಣ್ಣಿಗೆ ಜ್ಯೂಸಿನಂತೆ ಕಾಣುತ್ತದೆ. ಅಡುಗೆ ಎಣ್ಣೆಯ ಟಿನ್ ಕೂಡ ಬೇಡ. ಸತು ಬಳಿದ ಬಕೆಟ್, ಡಬ್ಬಗಳಲ್ಲಂತೂ ಇಡಲೇಬೇಡಿ. ಆಯಿಲ್‌ನ ಅಂಶಗಳು ಸತುವಿನ ಜೊತೆ ಸೇರಿ ಲೋಳೆಯಾಗುತ್ತವೆ.

ಮಾರ್ಕರ್ ಪೆನ್ನಿನಲ್ಲಿ ಕ್ಯಾನಿನ ಮೇಲೆ ಗ್ರೇಡ್, ಮಾನದಂಡ, ತೆರೆದ ತಿಂಗಳು, ಯಾವ ಗಾಡಿಗೆ ಎಂದು ಬರೆಯಿರಿ. ಒಂದು ವರ್ಷದೊಳಗೆ ಮುಗಿಸಿ. ಕರಾವಳಿಯವರು, ತೆರೆದ ಕ್ಯಾನ್ ಒಂದು ಮಳೆಗಾಲಕ್ಕಿಂತ ಹೆಚ್ಚು ಕಾಣದಂತೆ ನೋಡಿಕೊಂಡರೆ ಒಳ್ಳೆಯದು. ಡಿಕ್ಕಿಯಲ್ಲಿ ತುರ್ತಿಗೆಂದು ಇಡುವುದಾದರೆ ಸೀಲ್ ಒಡೆಯದ ಒಂದು ಲೀಟರ್ ಇಡಿ, ಚೀಲದಲ್ಲಿ ಸುತ್ತಿ, ಉರುಳದಂತೆ ಮೂಲೆಗೆ ಸಿಕ್ಕಿಸಿ.

ಹಾಕುವ ಮೊದಲು ಅನುಮಾನ ಬಂದರೆ ಒಣಗಿದ ಪಾರದರ್ಶಕ ಗಾಜಿನ ಬಾಟಲಿಗೆ 100 ಮಿ.ಲೀ. ಸುರಿದು ಒಂದು ದಿನ ಅಲ್ಲಾಡದಂತೆ ಇಡಿ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ತಳದಿಂದ ನೋಡಿ. ಅಂಬರ್ ಬಣ್ಣ ತಿಳಿಯಾಗಿದ್ದು ಆಚೆಯ ಅಕ್ಷರ ಓದಲು ಬಂದರೆ ಸರಿ. ಮಬ್ಬಾಗಿ ಹಾಲು ಬೆರೆಸಿದ ಹಾಗಿದ್ದರೆ, ತಳದಲ್ಲಿ ಉರುಳುವ ಹನಿ ಕಂಡರೆ ನೀರು ಸೇರಿದೆ. ತಳದಲ್ಲಿ ಜೆಲ್ಲಿಯಂಥ ಪದರ ಕೂತಿದ್ದು ಅಲ್ಲಾಡಿಸಿದರೂ ಕರಗದಿದ್ದರೆ ಅಂಶಗಳು ಬೇರೆಯಾಗಿವೆ. ಕಣ್ಣಿಗೆ ಕಾಣದಷ್ಟು ನೀರನ್ನು ಹಿಡಿಯಲು ಚೆನ್ನಾಗಿ ಕಾದ ಕಬ್ಬಿಣದ ತಟ್ಟೆಯನ್ನು ಒಲೆಯಿಂದ ಇಳಿಸಿ, ಕನ್ನಡಕ ಹಾಕಿಕೊಂಡು, ಅದರ ಮೇಲೆ ಒಂದೇ ಹನಿ ಆಯಿಲ್ ಬಿಡಿ. ಸದ್ದಿಲ್ಲದೆ ಹರಡಿದರೆ ಒಣ ಆಯಿಲ್. ಚಟಪಟ ಎಂದರೆ ನೀರಿದೆ. ನೀರು ಸೇರಿದ ಆಯಿಲನ್ನು ಕಾಸಿ ಸರಿಮಾಡಲು ಹೋಗಬೇಡಿ. ನೀರಿನ ಜೊತೆ ಸೇರಿ ಹಾಳಾದ ಅಂಶಗಳು ಮರಳಿ ಬರುವುದಿಲ್ಲ.

ಉಳಿದದ್ದನ್ನು ಎಲ್ಲಿ ಬಳಸಬಹುದು

ಅದೇ ಕಾರಿನ ಟಾಪ್‌ಅಪ್‌ಗೆ ಬಳಸುವುದೇ ಎಲ್ಲಕ್ಕಿಂತ ಸರಿ. ಬೇರೆ ಕಂಪನಿಯ, ಆದರೆ ಅದೇ ಗ್ರೇಡ್ ಮತ್ತು ಅದೇ ಮಾನದಂಡದ ಆಯಿಲ್ ಬೆರೆಸಿದರೆ ಒಡೆದು ಹೋಗುವುದಿಲ್ಲ. ಸಿಂಥೆಟಿಕ್ ಮತ್ತು ಮಿನರಲ್ ಕೂಡ ಬೆರೆಯುತ್ತವೆ. ಬೆರೆತದ್ದರ ಗುಣ ಮಾತ್ರ ಕೀಳಿನದರ ಕಡೆಗೆ ಇಳಿಯುತ್ತದೆ, ಸರ್ವಿಸ್ ಅವಧಿಯನ್ನೂ ಕೀಳಿನದಕ್ಕೇ ಲೆಕ್ಕ ಹಾಕಬೇಕು. ದಾರಿಯಲ್ಲಿ ಆಯಿಲ್ ಕಡಿಮೆಯಾಗಿ ಬೇರೇನೂ ಸಿಗದಿದ್ದರೆ ಸಿಕ್ಕ ಕಾರ್ ಆಯಿಲ್ ಅರ್ಧ ಲೀಟರ್ ಹಾಕಿ ಮನೆ ಸೇರುವುದು, ಕಡಿಮೆ ಆಯಿಲ್‌ನಲ್ಲಿ ಓಡಿಸುವುದಕ್ಕಿಂತ ನೂರು ಪಾಲು ಮೇಲು. ಐದಾರು ಕ್ಯಾನಿನ ಉಳಿಕೆ ಸೇರಿಸಿ ಪೂರ್ತಿ ಎಂಜಿನ್ ತುಂಬಿಸುವುದು ಮಾತ್ರ ಬೇಡ.

ಬೈಕಿಗೆ ಹಾಕಬೇಡಿ. ಇದು ನಮ್ಮಲ್ಲಿ ಬಹಳ ನಡೆಯುವ ತಪ್ಪು. ಗೇರ್ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ, ಅದಕ್ಕೇ ಬೈಕ್ ಆಯಿಲ್ ಮೇಲೆ ಜಪಾನಿನ ಬೈಕ್ ಆಯಿಲ್ ಮಾನದಂಡವಾದ ಜಾಸೋ ಎಂಎ ಅಥವಾ ಎಂಎ2 ಎಂದಿರುತ್ತದೆ. ಕಾರಿನ ತೆಳು ಆಯಿಲ್‌ಗಳಲ್ಲಿ ಮೈಲೇಜಿಗಾಗಿ ಸೇರಿಸಿದ ನುಣುಪಿನ ಅಂಶ ಇರುತ್ತದೆ. ಆಗ ಕ್ಲಚ್ ಜಾರಿ, ಎಂಜಿನ್ ಕೂಗಿದರೂ ಗಾಡಿ ಎಳೆಯುವುದಿಲ್ಲ. ಟೂ-ಸ್ಟ್ರೋಕ್ ಯಂತ್ರಗಳ ಪೆಟ್ರೋಲಿಗೂ ಬೆರೆಸಬೇಡಿ. ಸ್ವಲ್ಪವೇ ಉಳಿದದ್ದು ಗೇಟಿನ ಬಿಜಾಗರಿಗೆ, ಕತ್ತಿ-ಗುದ್ದಲಿ ತುಕ್ಕು ಹಿಡಿಯದಂತೆ ಸವರಲು ಆಗುತ್ತದೆ. ಕಾರಿನ ಬಾಗಿಲ ರಬ್ಬರಿಗೆ ಸವರಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಟಾಪ್‌ಅಪ್

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ ತೆಗೆದು ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ತೆಗೆದು ನೋಡಿ. ಮೊದಲ ಸಲ ತೆಗೆದಾಗ ಕಾಣುವುದು ನಂಬುವಂಥದ್ದಲ್ಲ. ಎರಡು ಗುರುತಿನ ನಡುವಿದ್ದರೆ ಏನೂ ಬೇಡ. ಕೆಳಗಿನ ಗುರುತಿನ ಬಳಿ ಇದ್ದರೆ 250 ಮಿ.ಲೀ. ಹಾಕಿ, ಐದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಹೀಗೆ ಕಾಲು ಕಾಲು ಲೀಟರಾಗಿ ಏರಿಸಿ, ಮೇಲಿನ ಗುರುತಿಗಿಂತ ಸ್ವಲ್ಪ ಕೆಳಗೇ ನಿಲ್ಲಿಸಿ. ಕ್ಯಾನ್ ಹಿಡಿಯುವ ಕ್ರಮವೂ ಇದೆ: ಬಾಯಿ ಮೇಲಂಚಿಗೆ ಬರುವಂತೆ ಅಡ್ಡ ಹಿಡಿದು ಬಾಗಿಸಿದರೆ ಒಳಗೆ ಗಾಳಿ ಹೋಗುತ್ತಾ ಒಂದೇ ಧಾರೆಯಾಗಿ ಬೀಳುತ್ತದೆ. ಬಾಯಿ ಕೆಳಗಿಟ್ಟು ಬಾಗಿಸಿದರೆ ಗುಳುಗುಳು ಎಂದು ಚೆಲ್ಲಿ ಬಿಸಿ ಸೈಲೆನ್ಸರ್ ಮೇಲೆ ಬಿದ್ದು ಹೊಗೆಯೇಳುತ್ತದೆ.

ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎಂದುಕೊಳ್ಳಬೇಡಿ. ಮಟ್ಟ ಮೀರಿದರೆ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ. ನೊರೆಗೆ ಒತ್ತಡ ಹಿಡಿಯುವ ಶಕ್ತಿ ಇಲ್ಲ, ಬೇರಿಂಗ್ ಒಣಗುತ್ತದೆ. ಹೆಚ್ಚಿನದು ಬ್ರೀದರ್ ಪೈಪಿನಿಂದ ಎಂಜಿನ್ ಎಳೆಯುವ ಗಾಳಿಗೂ ಸೇರುತ್ತದೆ.

ಡಿಪಿಎಫ್ ಇರುವ ಡೀಸೆಲ್ ಕಾರಿನಲ್ಲಿ ಆಯಿಲ್ ಮಟ್ಟ ತಾನಾಗಿ ಏರುತ್ತಿದ್ದರೆ ಗಂಭೀರವಾಗಿ ತೆಗೆದುಕೊಳ್ಳಿ. ಮಸಿ ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮುಕಿಸುತ್ತದೆ. ಪೇಟೆಯೊಳಗಿನ ಸಣ್ಣ ಓಡಾಟದಲ್ಲಿ ಆ ಕೆಲಸ ಅರ್ಧಕ್ಕೇ ನಿಂತರೆ, ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್ ಡೀಸೆಲ್ ವಾಸನೆ ಹೊಡೆದು ಮಟ್ಟ ಮೇಲಿನ ಗುರುತು ದಾಟಿದ್ದರೆ, ಎಷ್ಟೇ ಕಿಲೋಮೀಟರ್ ಆಗಿರಲಿ, ಆಯಿಲ್ ಬದಲಿಸಬೇಕು.

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಮಟ್ಟ ಹೇಳುವುದಿಲ್ಲ, ಒತ್ತಡ ಹೇಳುತ್ತದೆ. ಓಡುವಾಗ ಅದು ಹತ್ತಿದರೆ ಪಕ್ಕಕ್ಕೆ ತೆಗೆದು ತಕ್ಷಣ ಎಂಜಿನ್ ಆರಿಸಿ. ಮುಂದಿನ ಪೆಟ್ರೋಲ್ ಬಂಕ್ ತನಕ ಎಂದು ಓಡಿಸಿದರೆ ಎಂಜಿನ್ ಉಳಿಯುವುದಿಲ್ಲ.

ಮನೆಯಲ್ಲೇ ಬದಲಿಸುವಾಗ

ಬೇಕಾದವು: ಹೊಸ ಫಿಲ್ಟರ್, ಡ್ರೈನ್ ಬೋಲ್ಟಿಗೆ ಹೊಸ ವಾಷರ್, 14, 17 ಅಥವಾ 19ರ ರಿಂಗ್ ಸ್ಪ್ಯಾನರ್ (ಗಾಡಿಗೆ ತಕ್ಕಂತೆ), ಫಿಲ್ಟರ್ ಬಿಚ್ಚುವ ಸಾಧನ, ಐದಾರು ಲೀಟರ್ ಹಿಡಿಯುವ ಅಗಲ ಟ್ರೇ, ಆಲಿಕೆ, ವೇಸ್ಟ್ ಬಟ್ಟೆ, ಕೈಗವಸು, ಎರಡು ಗಟ್ಟಿ ಜಾಕಿ ಸ್ಟ್ಯಾಂಡ್. ಜಾಕಿಯೊಂದರ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತೂರಬಾರದು.

ಎಂಜಿನ್ ಐದು ನಿಮಿಷ ಓಡಿಸಿ, ಆರಿಸಿ, ಹತ್ತು ನಿಮಿಷ ಬಿಡಿ. ಆಯಿಲ್ ಬೆಚ್ಚಗಿದ್ದರೆ ಕೊಳೆ ತೇಲಿಕೊಂಡು ಚೆನ್ನಾಗಿ ಇಳಿಯುತ್ತದೆ. ಕುದಿಯುವಷ್ಟಿದ್ದರೆ ಕೈ ಸುಡುತ್ತದೆ. ಮೇಲಿನ ಫಿಲ್ಲರ್ ಮುಚ್ಚಳ ತೆಗೆದು, ಕೆಳಗೆ ಟ್ರೇ ಇಟ್ಟು ಡ್ರೈನ್ ಬೋಲ್ಟ್ ಬಿಚ್ಚಿ. ಮೊದಲ ಧಾರೆ ಅಂದುಕೊಂಡದ್ದಕ್ಕಿಂತ ದೂರ ಚಿಮ್ಮುತ್ತದೆ, ಟ್ರೇ ಒಂದಡಿ ಮುಂದಿರಲಿ. ಹನಿ ನಿಲ್ಲಲು ಕಾಲು ಗಂಟೆ ಬೇಕು. ಬೋಲ್ಟಿನ ತುದಿಗೆ ಅಂಟಿದ ಲೋಹದ ಹುಡಿ ಕಪ್ಪು ಪೇಸ್ಟಿನಂತಿದ್ದರೆ ಸಹಜ. ಬೆರಳಿಗೆ ತಾಗುವ ಚಕ್ಕೆಗಳಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

ಹಳೆಯ ಫಿಲ್ಟರ್ ಬಿಚ್ಚಿದ ಮೇಲೆ ಅದರ ರಬ್ಬರ್ ಉಂಗುರ ಅದರ ಜೊತೆಗೇ ಬಂದಿದೆಯೇ ಎಂದು ಕಣ್ಣಾರೆ ನೋಡಿ. ಅದು ಎಂಜಿನ್ನಿಗೇ ಅಂಟಿ ಉಳಿದು, ಅದರ ಮೇಲೆ ಹೊಸ ಫಿಲ್ಟರ್ ಕೂತರೆ, ಸ್ಟಾರ್ಟ್ ಮಾಡಿದೊಡನೆ ಎರಡು ಉಂಗುರದ ನಡುವಿನಿಂದ ಆಯಿಲ್ ಚಿಮ್ಮಿ ನಿಮಿಷಗಳಲ್ಲಿ ಎಂಜಿನ್ ಖಾಲಿಯಾಗುತ್ತದೆ. ಹೊಸ ಫಿಲ್ಟರಿನ ಉಂಗುರಕ್ಕೆ ಹೊಸ ಆಯಿಲ್ ಸವರಿ, ಕೈಯಿಂದಲೇ ತಿರುಗಿಸಿ, ಉಂಗುರ ತಾಗಿದ ಮೇಲೆ ಇನ್ನು ಮುಕ್ಕಾಲು ಸುತ್ತು ಸಾಕು. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ ಮೊದಲು ಬೆರಳಲ್ಲೇ ನಾಲ್ಕು ಸುತ್ತು ತಿರುಗಿಸಿ. ತ್ರೆಡ್ ಓರೆ ಕೂತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮ್ಯಾನ್ಯುಯಲ್ ಹೇಳಿದ ಟಾರ್ಕ್, ಹೆಚ್ಚಾಗಿ 30–40 ನ್ಯೂಟನ್ ಮೀಟರ್ ಆಸುಪಾಸು, ಅಷ್ಟೇ. ಆಯಿಲ್ ನಿಲ್ಲುವ ತಳದ ಅಲ್ಯುಮಿನಿಯಂ ಚೇಂಬರ್‌ಗೆ, ಸ್ಪ್ಯಾನರಿಗೆ ಪೈಪ್ ಹಾಕಿ ಬಿಗಿದರೆ ತ್ರೆಡ್ ಕಿತ್ತು ಚೇಂಬರನ್ನೇ ಬದಲಿಸಬೇಕಾಗುತ್ತದೆ.

ಒಟ್ಟು ಅಳತೆಯಲ್ಲಿ ಅರ್ಧ ಲೀಟರ್ ಉಳಿಸಿ ಹಾಕಿ. ಮುಚ್ಚಳ ಬಿಗಿದು ಸ್ಟಾರ್ಟ್ ಮಾಡಿ. ಕೆಂಪು ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ರೇಸ್ ಮಾಡಬೇಡಿ. ಎರಡು ನಿಮಿಷ ಬಿಟ್ಟು ಕೆಳಗೆ ಟಾರ್ಚ್ ಹಿಡಿದು ಸೋರುತ್ತಿದೆಯೇ ನೋಡಿ. ಆರಿಸಿ ಹತ್ತು ನಿಮಿಷದ ಮೇಲೆ ಅಳೆದು, ಬೇಕಾದಷ್ಟು ಸೇರಿಸಿ. ಕಿಲೋಮೀಟರ್, ದಿನಾಂಕ ಬರೆದಿಟ್ಟುಕೊಳ್ಳಿ, ವಾರಂಟಿ ಇದ್ದರೆ ಬಿಲ್ಲನ್ನೂ.

ಎಷ್ಟು ದಿನ ಓಡಿಸಬಹುದು

ನಮ್ಮ ಹೆಚ್ಚಿನ ಮ್ಯಾನ್ಯುಯಲ್‌ಗಳು 10,000 ಕಿ.ಮೀ. ಅಥವಾ ಒಂದು ವರ್ಷ, ಕೆಲವು 15,000 ಕಿ.ಮೀ. ಅಥವಾ ಒಂದು ವರ್ಷ ಎನ್ನುತ್ತವೆ. ಯಾವುದು ಮೊದಲೋ ಅದು. ಸಿಂಥೆಟಿಕ್ ಎಂದು ಅದನ್ನು ದಾಟಿಸಬೇಡಿ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಗಂಟೆಗೆ ಸರಾಸರಿ 18 ಕಿ.ಮೀ. ಸಾಗುವ ಗಾಡಿ 10,000 ಕಿ.ಮೀ. ಮುಟ್ಟುವಷ್ಟರಲ್ಲಿ ಎಂಜಿನ್ 550 ಗಂಟೆ ಓಡಿರುತ್ತದೆ. ಹೆದ್ದಾರಿಯಲ್ಲಿ ಸರಾಸರಿ 60ರಲ್ಲಿ ಹೋಗುವ ಗಾಡಿಗೆ ಅದು 170 ಗಂಟೆಯೂ ಆಗುವುದಿಲ್ಲ. ಮ್ಯಾನ್ಯುಯಲ್‌ನ ‘ಕಠಿಣ ಬಳಕೆ’ಯ ಕೋಷ್ಟಕ ಇಂಥ ಗಾಡಿಗಳಿಗಾಗಿಯೇ ಇರುವುದು. ಅದು 5,000 ಎಂದರೆ 5,000ಕ್ಕೇ ಬದಲಿಸಿ.

ಆಯಿಲ್ ಕಪ್ಪಾದದ್ದಕ್ಕೆ ಗಾಬರಿಯಾಗಬೇಡಿ. ಪಾತ್ರೆ ತಿಕ್ಕಿದ ನೀರು ಕಪ್ಪಾದ ಹಾಗೆ, ಮಸಿಯನ್ನು ಎತ್ತಿ ಹಿಡಿದಿದೆ ಎಂದಷ್ಟೇ ಅರ್ಥ. ಡೀಸೆಲ್‌ನಲ್ಲಿ ಕೆಲವು ನೂರು ಕಿಲೋಮೀಟರಿಗೇ ಕಪ್ಪಾಗುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಎರಡು ಮೂರು ಕಿ.ಮೀ. ಮಾತ್ರ ಓಡುವ ಗಾಡಿಯ ಫಿಲ್ಲರ್ ಮುಚ್ಚಳದ ಒಳಗೆ ಬೆಣ್ಣೆ ಬಣ್ಣದ ಕೆನೆ ಕಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ಆವಿ ನೀರಾಗಿ ಉಳಿದದ್ದು ಅದು. ವಾರಕ್ಕೊಮ್ಮೆ ಅರ್ಧ ಗಂಟೆ ಹೊರರಸ್ತೆಯಲ್ಲಿ ಓಡಿಸಿದರೆ ಹೋಗುತ್ತದೆ. ಹೋಗದೆ, ಜೊತೆಗೆ ಕೂಲಂಟ್ ಕೂಡ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ. ಟರ್ಬೋ ಗಾಡಿಯಲ್ಲಿ ಚಾರ್ಮಾಡಿ, ಆಗುಂಬೆಯಂಥ ಘಾಟಿ ಹತ್ತಿ ತಕ್ಷಣ ನಿಲ್ಲಿಸುವುದಾದರೆ ಒಂದು ನಿಮಿಷ ಐಡಲಿಂಗ್‌ನಲ್ಲಿ ಬಿಟ್ಟು ಆರಿಸಿ. ಇಲ್ಲದಿದ್ದರೆ ಕಾದ ಟರ್ಬೋದೊಳಗೆ ನಿಂತ ಆಯಿಲ್ ಕರಕಲಾಗುತ್ತದೆ.

ಹಳೆಯ ಆಯಿಲ್

ಇಳಿಸಿದ ಕರಿ ಆಯಿಲನ್ನು ಗೆದ್ದಲಿಗೆಂದು ಕಂಬಗಳಿಗೆ ಬಳಿಯುವುದು, ಸೆಂಟ್ರಿಂಗ್ ಶೀಟಿಗೆ ಸವರುವುದು, ಒಲೆಗೆ ಸುರಿಯುವುದು ನಮ್ಮೂರುಗಳಲ್ಲಿ ನಡೆದುಕೊಂಡೇ ಬಂದಿದೆ. ಅದರಲ್ಲಿ ಎಂಜಿನ್ ಸವೆದ ಲೋಹವೂ, ಚರ್ಮಕ್ಕೆ ಕ್ಯಾನ್ಸರ್ ತರಬಲ್ಲ ಸುಟ್ಟ ಅಂಶಗಳೂ ಇರುತ್ತವೆ. ಒಂದು ಲೀಟರ್ ಹಳೆಯ ಆಯಿಲ್ ಹತ್ತು ಲಕ್ಷ ಲೀಟರ್ ನೀರನ್ನು ಕೆಡಿಸಬಲ್ಲದು. ಬಾವಿ, ತೋಟ, ಚರಂಡಿ ಎಲ್ಲಿ ಸುರಿದರೂ ಅದು ಕೊನೆಗೆ ನೀರಿಗೇ ಬರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಇದು ಬರುತ್ತದೆ. 2023ರ ತಿದ್ದುಪಡಿಯ ಪ್ರಕಾರ 2024ರ ಏಪ್ರಿಲ್ 1ರಿಂದ ಹಳೆಯ ಆಯಿಲ್‌ನ ಮರುಬಳಕೆಯ ಹೊಣೆ ಆಯಿಲ್ ಉತ್ಪಾದಕರ ಮೇಲೂ ಇದೆ. ಹೊಸ ಆಯಿಲ್ ಬಂದ ಕ್ಯಾನಿಗೇ ಹಳೆಯದನ್ನು ತುಂಬಿ, ‘ಹಳೆಯದು’ ಎಂದು ಬರೆದು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಸಂಸ್ಕರಣಾ ಘಟಕಕ್ಕೆ ಕಳಿಸುವ ಸರ್ವಿಸ್ ಸೆಂಟರಿಗೆ ಕೊಡಿ. ಕೊಡುವ ಮೊದಲು ಕೇಳಿ ಖಚಿತ ಮಾಡಿಕೊಳ್ಳಿ. ಕೂಲಂಟ್, ಬ್ರೇಕ್ ಆಯಿಲ್, ಪೆಟ್ರೋಲ್ ಇದಕ್ಕೆ ಬೆರೆಸಬೇಡಿ, ಬೆರೆತದ್ದನ್ನು ಶುದ್ಧಿ ಮಾಡುವುದು ಕಷ್ಟ. ಹಳೆಯ ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ ಸೋರಿಸಿ ಅದರ ಜೊತೆಗೇ ಕೊಡಿ.

ನೆಲಕ್ಕೆ ಚೆಲ್ಲಿದ್ದರೆ ನೀರು ಹಾಕಿ ತೊಳೆಯಬೇಡಿ. ಮರದ ಹೊಟ್ಟು ಅಥವಾ ಒಣ ಮರಳು ಹರಡಿ, ಒಂದು ಗಂಟೆ ಬಿಟ್ಟು ಗುಡಿಸಿ ತೆಗೆಯಿರಿ. ಖಾಲಿ ಕ್ಯಾನ್‌ಗಳನ್ನು ಗುಜರಿಗೆ ಹಾಕುವ ಮೊದಲು ಚಾಕುವಿನಿಂದ ಪಕ್ಕ ಸೀಳಿ, ಲೇಬಲ್ ಹರಿದುಬಿಡಿ. ಸೀಳಿದ ಕ್ಯಾನಿಗೆ ಡೂಪ್ಲಿಕೇಟ್ ಆಯಿಲ್ ತುಂಬಲು ಬರುವುದಿಲ್ಲ.